ಚಿಕೋದ ಕಹಿಗೆ ಎಷ್ಟು ಅಂಕ?

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ ಉತ್ತರಕ್ಕೆ ಸುಮಾರು 140 ಕಿ.ಮೀ. ಹೋದರೆ ಚಿಕೋ ಸಿಗುತ್ತೆ. ಸುತ್ತ ಬಾದಾಮಿ ತೋಟಗಳು. ಸಿಯೆರಾ ನೆವಾಡ ಬ್ರೂವರಿ ಇರೋದು ಇಲ್ಲೇ. ಮನೆಯಲ್ಲೇ ಬಿಯರ್ ಮಾಡೋರಿಗೆ ಸಾಮಾನು ಮಾರ್ತಿದ್ದ ಕೆನ್ ಗ್ರಾಸ್‌ಮನ್, ಗೆಳೆಯ ಪಾಲ್ ಕಮೂಸಿ ಜತೆ ಹಳೇ ಡೈರಿ ಪಾತ್ರೆಗಳನ್ನು ಜೋಡಿಸಿಕೊಂಡು 1980ರಲ್ಲಿ ಪೇಲ್ ಏಲ್ ತಯಾರಿಸಿದರು.

ಗ್ಲಾಸಿನಲ್ಲಿ ಜೇನಿನ ಬಣ್ಣ. ಮೂಗಿಗೆ ಮೊದಲು ತಾಗಿದ್ದು ಚಕ್ಕೋತದ ಸಿಪ್ಪೆಯ ಘಮ, ಹಿಂದೆಯೇ ಪೈನ್ ಮರದ್ದು. ಇದು ಕ್ಯಾಸ್ಕೇಡ್ ಹಾಪ್ಸ್ ಹೂವಿನ ಕೊಡುಗೆ. 1972ರಲ್ಲಿ ಬಿಡುಗಡೆಯಾದ ಅಮೆರಿಕದ್ದೇ ತಳಿ. ಮಾಲ್ಟಿನ ಸಿಹಿ ನಾಲಗೆ ಮೇಲೆ ಸ್ವಲ್ಪ ಹೊತ್ತು ನಿಂತು, ಕೊನೆಗೆ ಕಹಿಯೇ ಗೆಲ್ಲುತ್ತೆ. ಹಾಗಲಕಾಯಿ ಗೊಜ್ಜು ತಿನ್ನೋರಿಗೆ ಇದೇನೂ ಕಷ್ಟವಲ್ಲ! ಆಲ್ಕೋಹಾಲ್ ಶೇ. 5.6, ಹಾಗಾಗಿ ನಿಧಾನವೇ ಸರಿ.

2018ರ ನವೆಂಬರ್‌ನಲ್ಲಿ ಪಕ್ಕದ ಪ್ಯಾರಡೈಸ್ ಪಟ್ಟಣವನ್ನು ಕಾಡ್ಗಿಚ್ಚು ನುಂಗಿತು. 85 ಜನ ಸತ್ತರು. ಬ್ರೂವರಿಯ ಕೆಲಸಗಾರರಲ್ಲೂ ಹಲವರು ಮನೆ ಕಳ್ಕೊಂಡ್ರು. ಆಗ ಇವರು 'ರೆಸಿಲಿಯನ್ಸ್' ಅನ್ನೋ ಬಿಯರ್ ಮಾಡಿ, ರೆಸಿಪಿಯನ್ನು ಬೇರೆ ಬ್ರೂವರಿಗಳಿಗೂ ಹಂಚಿದರು. ಮಾರಾಟದ ಹಣ ಸಂತ್ರಸ್ತರಿಗೆ ಅಂತ ಸಾವಿರಕ್ಕೂ ಹೆಚ್ಚು ಬ್ರೂವರಿಗಳು ಕೈಜೋಡಿಸಿದವು. ಪೈಪೋಟಿಯ ವ್ಯಾಪಾರದಲ್ಲಿ ಇದು ಸಣ್ಣ ಮಾತಲ್ಲ.

ನನ್ನ ಅಂಕ: ಪರಿಮಳಕ್ಕೆ 9, ರುಚಿಗೆ 8. ಊರಿಗೆ ಮಾತ್ರ 10ಕ್ಕೆ 10. ಹೋಗೋದಾದ್ರೆ, ಕುಡಿಯದೆ ಕಾರು ಓಡಿಸೋರು ಒಬ್ಬರು ಜತೆಗಿರಲಿ.