ಹಾಸ್ಟೆಲಿಗೆ ಮರಳುವ ಮಕ್ಕಳು

ಬೀದರ್, ರಾಯಚೂರು, ಕಲಬುರಗಿಯ ಬಸ್ಸುಗಳು ಹೈದರಾಬಾದಿನ ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ನಿಂತಾಗಲೆಲ್ಲ ಕಾಲೇಜು ಮಕ್ಕಳು ಇಳಿಯುತ್ತಾರೆ. ಒಂದು ಬ್ಯಾಗಿನಲ್ಲಿ ಪುಸ್ತಕ, ಇನ್ನೊಂದರಲ್ಲಿ ಅವ್ವ ಕಟ್ಟಿಕೊಟ್ಟ ಕಟಕ್ ರೊಟ್ಟಿ, ಶೇಂಗಾ ಹಿಂಡಿ. ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿ ನಾಲ್ವರಿಗೆ ಒಂದು ಕೋಣೆ, ಒಂದು ಕಿಟಕಿ.

ಕೋವಿಡ್ ಕಾಲದಲ್ಲಿ ತೆಲಂಗಾಣದ ಕಾಲೇಜುಗಳು 2021ರ ಫೆಬ್ರುವರಿ 1ರಂದು ತೆರೆದವು. ಮಾರ್ಚ್ 24ರಿಂದ, ವೈದ್ಯಕೀಯ ಕಾಲೇಜುಗಳನ್ನು ಬಿಟ್ಟು, ಮತ್ತೆ ಮುಚ್ಚಿದವು. ಹಾಸ್ಟೆಲು ಖಾಲಿ ಮಾಡಿಸಿದರೆ ಸೋಂಕು ಮಾಯವಾಗುವುದಿಲ್ಲ, ಮಕ್ಕಳ ಜೊತೆಗೇ ಊರಿನ ಬಸ್ಸು ಹತ್ತುತ್ತದೆ.

ಇದೇ ಹೈದರಾಬಾದಿನ ಸಿಸಿಎಂಬಿ, ಐಐಸಿಟಿ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು 2020ರಲ್ಲಿ ಚರಂಡಿ ನೀರನ್ನು ಪರೀಕ್ಷಿಸಿ, ಸುಮಾರು 6.6 ಲಕ್ಷ ಜನರಿಗೆ ಸೋಂಕು ತಗಲಿರಬಹುದು ಎಂದು ಅಂದಾಜಿಸಿದ್ದರು. ಅವರಲ್ಲಿ ಬಹಳಷ್ಟು ಮಂದಿಗೆ ರೋಗದ ಲಕ್ಷಣವೇ ಇರಲಿಲ್ಲ. ಹರೆಯದ ಮೈಯಲ್ಲಿ ಸೋಂಕು ಎಷ್ಟೋ ಸಲ ಹೀಗೇ ಸದ್ದಿಲ್ಲದೆ ಬಂದು ಹೋಗುತ್ತದೆ. ಮಲಗಿಸುವುದು ಅಡುಗೆಯ ಅಮ್ಮನನ್ನು, ಗೇಟಿನ ಬಳಿ ಕೂತ ವಯಸ್ಸಾದ ಕಾವಲುಗಾರನನ್ನು.

ಹಾಗಂತ ಓದಲು ಬಂದ ಮಕ್ಕಳನ್ನು ದೂರಬಾರದು. ಕಿಟಕಿ ತೆರೆದಿಡೋಣ. ಜ್ವರ ಬಂದ ಹುಡುಗನಿಗೆ ಬೇರೆ ಕೋಣೆ, ಬಿಸಿ ಗಂಜಿ, ಹಾಜರಾತಿಯ ಭಯವಿಲ್ಲದ ನಾಲ್ಕು ದಿನ ಕೊಡೋಣ. ನಗರವನ್ನು ಕಾಯುವ ಕೆಲಸ ಆ ಕೋಣೆಯಿಂದಲೇ ಶುರುವಾಗಬೇಕು.