ಹೊಳೆ ದಂಡಿಯ ಹಾಡು

ಮುಕ್ಕುಂದದ ಸೀಮೆಯ ಹಾಡು ಆರಿಸಿ ಕೊಡು ಅನ್ನುವ ಪಟ್ಟಣದ ಗೆಳೆಯರಿಗೆ ತುಂಗಭದ್ರೆ, ಗುಡಿ, ಹಸಿರು ಗದ್ದೆ ಬೇಕು. ಈ ಹಸಿರು ಬಂದದ್ದು 1953ರಲ್ಲಿ ಅಣೆಕಟ್ಟು ಮುಗಿದು, ಆಮೇಲೆ ಎಡದಂಡೆ ಕಾಲುವೆ ಹರಿದ ಮೇಲೆ. ಅದಕ್ಕೂ ಮುಂಚೆ ಇದು ಜೋಳದ ನೆಲ. ನಮ್ಮವ್ವಂದಿರ ಬೀಸುವ ಪದ ಆ ಜೋಳದ ಜೊತಿಗೆ ಹುಟ್ಟಿದ್ದು. ಆಮೇಲೆ ಭತ್ತ ಬಂತು, ಆಂಧ್ರದ ರೈತರು ಬಂದು ಕ್ಯಾಂಪ್ ಕಟ್ಟಿದರು, ಪೂರ್ವ ಬಂಗಾಲದ ನಿರಾಶ್ರಿತರೂ ಸಿಂಧನೂರಿಗೆ ಬಂದರು. ನಾಟಿ ಹಚ್ಚುವ ಹೆಣ್ಣುಮಕ್ಕಳ ಬಾಯಾಗ ತೆಲುಗು ಸಿನಿಮಾ ಹಾಡೂ ಸೇರ್ತು. ಅದನ್ನ ಕಿತ್ತುಹಾಕಿ 'ಶುದ್ಧ ಜಾನಪದ' ಹುಡುಕುವವರನ್ನ ಕಂಡರೆ ನನಗೆ ನಗು ಬರತದ.

ಆದರೆ ಒಂದೇ ಹಾಡು ಆರಿಸು ಅಂದರೆ ನಾನು ಅಲಾಯಿ ಹಬ್ಬದ ರಿವಾಯತ್ ಪದವನ್ನೇ ಆರಿಸ್ತೀನಿ. ನಮ್ಮ ಕಡೆ ಹಿಂದೂ, ಮುಸ್ಲಿಂ ಅನ್ನದೆ ಕರ್ಬಲಾದ ಕಥೆಯನ್ನ ಕನ್ನಡದಾಗ ಹಾಡ್ತಾರ. ಕಣ್ಣ ಮುಂದೆ ಯೂಫ್ರೆಟಿಸ್ ಹೊಳೆ, ಕುಡಿಯಾಕ ಹನಿ ನೀರು ಕೊಡಲಿಲ್ಲ. ತೊಡೆ ಮ್ಯಾಲಿನ ಕೂಸಿಗೂ ಇಲ್ಲ. ಬಾವಿ ಮುಟ್ಟಗೊಡದೆ, ಬೇರೆಯವರು ಮ್ಯಾಲಿಂದ ಸುರಿದ ನೀರಿಗೆ ಬೊಗಸೆ ಒಡ್ಡಿದ ಕೇರಿಗೆ ಈ ಪದದ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ.

ಟೇಪಿಗೆ ಹಾಡು ತುಂಬಿಕೊಳ್ಳುವವರು ಹಾಡುವವರ ಹೆಸರು ಬರಕೊಂಡು ಹೋಗ್ತಾರ. ಅಲಾಯಿ ಕುಣಿಯ ಸುತ್ತ ರಾತ್ರಿಯಿಡೀ ಹಲಗಿ ಬಡಿದವನ ಹೆಸರನ್ನೂ ಕೇಳ್ರಿ.