ಸೆಟ್ಟಿನ ಸಂಸಾರ

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಾಗಿ ಬಂತು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ನುಂಗಿದ್ದು ನಾಲಗೆ ಹೊರಳದಂಥ ಯಾವ ಪಂಡಿತಪದವೂ ಅಲ್ಲ, ಪುಟ್ಟ ‘ಸೆಟ್’. ಕ್ರಿಯಾಪದವಾಗಿ ಅದಕ್ಕೆ 430 ಅರ್ಥ, ವಿವರಿಸಲು ಸುಮಾರು 60,000 ಪದ. ಅಷ್ಟರಲ್ಲಿ ಒಂದು ಕಾದಂಬರಿಯೇ ಮುಗಿಯುತ್ತಿತ್ತು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥ ಹೊತ್ತು ಮುಂದೆ ಹೋಯಿತು. ಓಟದ ಪದ, ಗೆಲ್ಲಲಿ ಬಿಡಿ. ನನಗೆ ಸೋತ ಸೆಟ್ಟಿನ ಮೇಲೇ ಮಮತೆ.

ಏಕೆಂದರೆ ಅದಕ್ಕೆ ಎರಡು ತವರು. ಹಳೆಯ ಇಂಗ್ಲಿಷಿನ ‘ಸೆಟ್ಟನ್’ ಎಂದರೆ ಕೂರಿಸು. ಗಡಿಯಾರಕ್ಕೆ ಅಲಾರಂ ಕೂರಿಸುವುದು, ಉಂಗುರಕ್ಕೆ ಹರಳು ಕೂರಿಸುವುದು, ಗಾರೆ ಬಿಗಿಯುವುದು, ಕೊನೆಗೆ ಸೂರ್ಯ ಮುಳುಗುವುದೂ ಈ ಮನೆಯವೇ. ಇನ್ನೊಂದು ತವರು ಲ್ಯಾಟಿನ್ನಿನ ‘ಸೆಕ್ಟಾ’, ಅಂದರೆ ಹಿಂಬಾಲಕರ ಗುಂಪು. ಅದು ಫ್ರೆಂಚಿನ ಮೂಲಕ ಬಂದು ಮೊದಲನೆಯದರೊಡನೆ ಎಷ್ಟು ಬೆರೆಯಿತೆಂದರೆ, ಈಗ ಬೇರ್ಪಡಿಸಲು ಪಂಡಿತರೇ ಬೇಕು. ಟೀ ಸೆಟ್ಟು, ಪಂಪ್‌ಸೆಟ್ಟು, ನಮ್ಮ ಸೆಟ್ ದೋಸೆ ಈ ಗುಂಪಿನ ಕಡೆಯವು. (ಮೂರರ ಬದಲು ಎರಡೇ ದೋಸೆ ಇಟ್ಟು ಸೆಟ್ ಎನ್ನುವ ಹೋಟೆಲುಗಳಿವೆ. ಅದು ಗುಂಪಲ್ಲ, ಜೋಡಿ.)

ಇನ್ನೂ ಹಿಂದೆ ಹೋದರೆ ನೆಂಟಸ್ತಿಕೆ ನಮ್ಮ ಮನೆಗೇ ಬರುತ್ತದೆ. ಕೂರಿಸುವ ಸೆಟ್ಟಿಗೂ ಸಂಸ್ಕೃತದ ‘ಸದ್’ ಧಾತುವಿಗೂ ಮೂಲ ಒಂದೇ. ಹಾಗಾಗಿ ಸದನ, ಪರಿಷತ್ತು, ಉಪನಿಷತ್ತು ಎಲ್ಲ ಅದರ ದಾಯಾದಿಗಳು. ಸೆಕ್ಟಾದ ಬೇರಿನಲ್ಲಿರುವುದು ಹಿಂಬಾಲಿಸುವ ಅರ್ಥ. ಅದೇ ಬೇರಿನ ಸಂಸ್ಕೃತ ಕುಡಿ ‘ಸಚಿವ’. ಯಾರ ಹಿಂದೆ ಯಾರು ಹೋಗುತ್ತಾರೆಂದು ಪತ್ರಿಕೆ ಓದುವವರಿಗೆ ವಿವರಿಸಬೇಕಿಲ್ಲ.

ಕನ್ನಡಕ್ಕೆ ಬಂದ ಮೇಲೆ ಸೆಟ್ಟು ಸುಮ್ಮನೆ ಕೂತಿಲ್ಲ. ‘ಈ ಬಣ್ಣ ನಿಂಗೆ ಸೆಟ್ ಆಗಲ್ಲ ಕಣೇ’ ಎಂದು ಅಕ್ಕ ಹೇಳಿದರೆ ತಂಗಿಗೆ ತಿಳಿಯುತ್ತದೆ. ಇಂಗ್ಲೆಂಡಿನವರಿಗೆ ಪದ ಕೇಳಿಸೀತು, ಮಾತು ತಿಳಿಯದು. ಹುಡುಗ ಹುಡುಗಿ ‘ಸೆಟ್ ಆದ್ರಂತೆ’ ಎಂದರಂತೂ ಅದರಲ್ಲಿ ಕುತೂಹಲ, ಹೊಟ್ಟೆಕಿಚ್ಚು, ಸಮ್ಮತಿ ಮೂರೂ ಇರುತ್ತವೆ. ತಾರಸಿ ಹಾಕಿದ ಮೇಸ್ತ್ರಿಯದು ಇವರೆಲ್ಲರಿಗಿಂತ ಶುದ್ಧ ಇಂಗ್ಲಿಷ್: ‘ಸೆಟ್ ಆಗೋವರ್ಗೂ ಕಾಲಿಡ್ಬೇಡಿ ಸಾರ್.’ ಸಾಮಾನ್ಯ ಸಿಮೆಂಟು ಬಿಗಿಯತೊಡಗಲು ಕನಿಷ್ಠ 30 ನಿಮಿಷ, ಬಿಗಿದು ಮುಗಿಯಲು ಗರಿಷ್ಠ 600 ನಿಮಿಷ ಎಂದು ಭಾರತೀಯ ಮಾನಕವಿದೆ. ಹುಡುಗ ಹುಡುಗಿಯರಿಗೆ ಅಂಥ ಮಾನಕವನ್ನು ಯಾವ ಇಲಾಖೆಯೂ ಹೊರಡಿಸಿಲ್ಲ.